ಬಿಡದ ಜ್ವರ, ನುಂಗಿಕೊಂಡ ಮಾತು

ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಎಲ್ಲರೂ ಡಾಕ್ಟರುಗಳೇ! ಅತ್ತೆಯ ಪ್ರಕಾರ ದೃಷ್ಟಿ ತಾಗಿದೆ, ಅಮ್ಮನ ಪ್ರಕಾರ ಥಂಡಿ ಆಗಿದೆ, ಗಂಡನ ಪ್ರಕಾರ 'ವೈರಲ್'. ಪಕ್ಕದ ಮನೆಯವರು 'ಈಗ ಎಲ್ಲಾ ಕಡೆ ಇದೆ ಬಿಡಿ' ಎಂದು ಸಮಾಧಾನ ಹೇಳಿ ಹೋಗುತ್ತಾರೆ. ಸತ್ಯ ಹೇಳಬೇಕೆಂದರೆ ಹೆಚ್ಚಿನ ಸಲ ಗಂಡನ ಮಾತೇ ನಿಜವಾಗುತ್ತದೆ. ಮೂರು-ನಾಲ್ಕು ದಿನ ಸುಟ್ಟು, ಪ್ಯಾರಾಸಿಟಮಾಲ್ ಕುಡಿದು, ಮಗು ಎದ್ದು ಆಟಕ್ಕೆ ಹೋಗುತ್ತದೆ.

ನಾನು ಹೇಳಹೊರಟಿರುವುದು ಆ ಜ್ವರದ ಬಗ್ಗೆ ಅಲ್ಲ. ಏಳು ದಿನ, ಹತ್ತು ದಿನ, ಎರಡು ವಾರವಾದರೂ ಬಿಡದ ಜ್ವರ ಇರುತ್ತದಲ್ಲ, ಅದರ ಬಗ್ಗೆ. ಅಷ್ಟರಲ್ಲಿ ಇಬ್ಬರು ಡಾಕ್ಟರು ಬದಲಾಗಿರುತ್ತಾರೆ, ಎರಡು ಆಂಟಿಬಯೋಟಿಕ್ ಬಾಟಲಿ ಖಾಲಿಯಾಗಿರುತ್ತವೆ, ಮಗುವಿನ ಮುಖ ಬಾಡಿರುತ್ತದೆ. ನಾನು ಡಾಕ್ಟರಲ್ಲ, ನಿಮ್ಮಂತೆಯೇ ಒಬ್ಬ ಗೃಹಿಣಿ. ಆದರೆ ಈ ಜ್ವರಗಳ ಬಗ್ಗೆ ಓದಿ ತಿಳಿದ ಮೇಲೆ ಒಂದು ಮಾತು ಮಾತ್ರ ನನಗೆ ಸ್ಪಷ್ಟವಾಗಿದೆ. ಇಂಥ ಜ್ವರದ ಗುಟ್ಟು ಎಷ್ಟೋ ಸಲ ಲ್ಯಾಬಿನ ಬಾಟಲಿಗಿಂತ ಮೊದಲು ತಾಯಿಯ ಬಾಯಲ್ಲಿ ಇರುತ್ತದೆ. ಆ ಬಾಯನ್ನು ನಾವು ಡಾಕ್ಟರ ಮುಂದೆ ತೆರೆಯುವುದಿಲ್ಲ, ಅಷ್ಟೇ.

ಒಂದೇ ವೇಷ, ಬೇರೆ ಬೇರೆ ಪಾತ್ರ

ಬಿಡದ ಜ್ವರದಲ್ಲಿ ಮುಖ್ಯವಾಗಿ ಎರಡು ಗುಂಪು. ಮೊದಲನೆಯದು ಸೋಂಕು. ಯಾವುದೋ ಕ್ರಿಮಿ ಒಳಹೊಕ್ಕಿದೆ, ಮೈ ಅದರ ಜೊತೆ ಹೋರಾಡುತ್ತಿದೆ. ಎರಡನೆಯದು ಉರಿಯೂತದ ಕಾಯಿಲೆ. ಇಲ್ಲಿ ಹೊಡೆದೋಡಿಸಬೇಕಾದ ಕ್ರಿಮಿ ಮೈಯಲ್ಲಿ ಇರುವುದಿಲ್ಲ. ಕಾವಲಿಗಿಟ್ಟ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ, ಮೈಯ ರೋಗನಿರೋಧಕ ಶಕ್ತಿಯೇ ರಕ್ತನಾಳಗಳ ಮೇಲೋ ಕೀಲುಗಳ ಮೇಲೋ ಎಗರುತ್ತದೆ.

ಈ ಎರಡನೇ ಗುಂಪಿನಲ್ಲಿ ಕೆಲವು ಹೆಸರುಗಳನ್ನು ನೀವು ಕೇಳಿರಬಹುದು. ಒಂದು ಕವಾಸಾಕಿ ಕಾಯಿಲೆ. ಬೈಕಿನ ಹೆಸರಲ್ಲ! 1967ರಲ್ಲಿ ಇದನ್ನು ವಿವರಿಸಿ ಬರೆದ ಜಪಾನಿನ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿ ಅವರ ಹೆಸರು. ಐದು ದಿನ ಮೀರಿದ ಜ್ವರ, ಕೆಂಪು ಕಣ್ಣು, ಒಡೆದ ಕೆಂಪು ತುಟಿ, ಮೈಮೇಲೆ ದದ್ದು, ಊದಿದ ಅಂಗೈ-ಅಂಗಾಲು, ಕತ್ತಿನಲ್ಲಿ ಗಂಟು ಇದರ ಗುರುತು. ಇನ್ನೊಂದು ಮಕ್ಕಳ ಕೀಲುವಾತದ ಒಂದು ಬಗೆ. ಇದರಲ್ಲಿ ವಾರಗಟ್ಟಲೆ ದಿನಕ್ಕೊಮ್ಮೆ ಜ್ವರ ಏರಿ ಇಳಿಯುತ್ತದೆ, ಜ್ವರದ ಜೊತೆ ತಿಳಿಗೆಂಪು ದದ್ದು ಬಂದು ಮಾಯವಾಗುತ್ತದೆ, ಕೀಲು ನೋಯುತ್ತದೆ. ಮೂರನೆಯದು 2020ರಲ್ಲಿ ಕೋವಿಡ್ ಬಂದುಹೋದ ಕೆಲವು ವಾರಗಳ ಮೇಲೆ ಮಕ್ಕಳಲ್ಲಿ ಕಾಣಿಸಿಕೊಂಡ 'ಮಿಸ್-ಸಿ'.

ಈಗ ತಮಾಷೆ ನೋಡಿ. ಜ್ವರ, ದದ್ದು, ಕೆಂಪು ಕಣ್ಣು, ಗಂಟು, ಕೀಲು ನೋವು... ಇವೆಲ್ಲವೂ ಸಾದಾ ಸೋಂಕುಗಳಲ್ಲೂ ಬರುತ್ತವೆ! ರಕ್ತ ಪರೀಕ್ಷೆಯಲ್ಲಿ ಇಎಸ್‌ಆರ್, ಸಿಆರ್‌ಪಿ ಜಾಸ್ತಿ ಇದೆ ಎಂದು ಬರುತ್ತದಲ್ಲ, ಅದು ಹೇಳುವುದು 'ಒಳಗೆ ಬೆಂಕಿ ಇದೆ' ಎಂದಷ್ಟೇ. ಬೆಂಕಿ ಹಚ್ಚಿದವರು ಯಾರು ಎಂದು ಹೇಳುವುದಿಲ್ಲ. ಕವಾಸಾಕಿಗಾಗಲಿ ಈ ಕೀಲುವಾತಕ್ಕಾಗಲಿ 'ಇದೇ' ಎಂದು ಮೊಹರು ಒತ್ತುವ ಒಂದೇ ಒಂದು ಪರೀಕ್ಷೆ ಇಲ್ಲ. ಲಕ್ಷಣ ಕೂಡಿಸಿ, ಬೇರೆ ಕಾರಣಗಳನ್ನು ಒಂದೊಂದಾಗಿ ಕಳೆದು ವೈದ್ಯರು ತೀರ್ಮಾನಕ್ಕೆ ಬರಬೇಕು. ಆ ಕಳೆಯುವ ಲೆಕ್ಕಕ್ಕೆ ನಿಮ್ಮ ಮಾತು ಬೇಕು.

ಊರಿನಿಂದ ಬಂದ ನೆಂಟರು

ನಮ್ಮ ಬದುಕು ನೋಡಿ. ಮನೆ ಹಾಸನದ ಬಡಾವಣೆಯಲ್ಲೋ ಬೆಂಗಳೂರಿನ ಬಾಡಿಗೆ ಮನೆಯಲ್ಲೋ ಇರುತ್ತದೆ. ಆದರೆ ಬೇರು ಹೊಳೆನರಸೀಪುರದ ಹೇಮಾವತಿ ಬಯಲಿನ ಗದ್ದೆಯಲ್ಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ, ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ. ದಸರೆ ರಜೆ, ಬೇಸಿಗೆ ರಜೆ, ಊರ ಜಾತ್ರೆ ಎಂದು ಮಕ್ಕಳು ಹೋಗುತ್ತಾರೆ, ಹೋಗಲೇಬೇಕು. ವಾಪಸ್ ಬಂದು ಎರಡು ವಾರದ ಮೇಲೆ ಜ್ವರ ಬಂದರೆ ಡಾಕ್ಟರು 'ಎಲ್ಲಿಯವರು?' ಎಂದು ಕೇಳುತ್ತಾರೆ. ನಾವು 'ಇಲ್ಲೇ ಸಾರ್, ಸಿಟಿ' ಎನ್ನುತ್ತೇವೆ. ಅಲ್ಲಿಗೆ ಅರ್ಧ ಕಥೆ ಮುಚ್ಚಿಹೋಯಿತು!

ಮೊದಲ ವೇಷಧಾರಿ ಸ್ಕ್ರಬ್ ಟೈಫಸ್. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ಬಂದು ನಮ್ಮ ಕಡೆಯ ಕಾಯಿಗಳೆಲ್ಲ ಮುರುಟಿದ್ದು ನೆನಪಿದೆಯೇ? ಆ ನುಸಿಯ ದೂರದ ನೆಂಟನಂಥ ಇನ್ನೊಂದು ನುಸಿ ಪೊದೆ, ಹುಲ್ಲು, ಬದುಗಳಲ್ಲಿ ಇರುತ್ತದೆ. ಅದರ ಮರಿ ಕಣ್ಣಿಗೆ ಕಾಣುವುದೇ ಕಷ್ಟ. ಕಚ್ಚಿದ್ದೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ವಾರದೊಳಗೆ ಜ್ವರ ಶುರುವಾಗುತ್ತದೆ. ಮಣಿಪಾಲ, ಮೈಸೂರು ಕಡೆಯ ವೈದ್ಯರು ಇಂಥ ರೋಗಿಗಳನ್ನು ಕಂಡು ಬರೆದಿದ್ದಾರೆ. ಮಳೆ ಮುಗಿದು ಚಳಿ ಹಿಡಿಯುವ ತಿಂಗಳುಗಳಲ್ಲಿ ಇದರ ಕಾಟ ಹೆಚ್ಚು. ದದ್ದು, ಕೆಂಪು ಕಣ್ಣು, ಮುಖ ಊದುವುದು, ಗಂಟು ಎಲ್ಲ ಬಂದು ಥೇಟ್ ಕವಾಸಾಕಿಯ ಹಾಗೋ ಮಿಸ್-ಸಿಯ ಹಾಗೋ ಕಾಣಬಹುದು.

ಆದರೆ ಈ ವೇಷಧಾರಿ ಒಂದು ಗುರುತು ಬಿಟ್ಟುಹೋಗುತ್ತಾನೆ. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ. ನೋವಿಲ್ಲ, ತುರಿಕೆಯೂ ಹೆಚ್ಚಿಲ್ಲ. ಎಲ್ಲರಿಗೂ ಇರುವುದಿಲ್ಲ, ಇದ್ದರೆ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಉಡಿದಾರದ ಕೆಳಗೆ, ಕೂದಲೊಳಗೆ ಅಡಗಿರುತ್ತದೆ. ಹತ್ತು ನಿಮಿಷದ ತಪಾಸಣೆಯಲ್ಲಿ ಡಾಕ್ಟರಿಗೆ ಕಾಣದೇ ಹೋಗಬಹುದು. ದಿನಾ ಮೈ ಒರೆಸುವ ನಿಮ್ಮ ಕಣ್ಣಿಗೆ ಕಾಣುತ್ತದೆ. ಗುರುತು ಸಿಕ್ಕಿ, ಸರಿಯಾದ ಔಷಧ ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೋಮೈಸಿನ್ ಶುರುವಾದರೆ ಎಷ್ಟೋ ಮಕ್ಕಳಲ್ಲಿ ಎರಡು ದಿನದೊಳಗೆ ಜ್ವರ ಇಳಿಯುತ್ತದೆ. ತಪ್ಪಿದರೆ ಶ್ವಾಸಕೋಶ, ಮೆದುಳು, ಕಿಡ್ನಿಗೂ ತೊಂದರೆ. ನೋಡಿ, ಒಂದು ಹಕ್ಕಳೆಯ ಬೆಲೆ ಎಷ್ಟು!

ಎರಡನೆಯದು ದನದ ಕೊಟ್ಟಿಗೆಯಿಂದ ಬರುವುದು. ಊರಿನಲ್ಲಿ 'ಕಂದು ರೋಗ' ಎನ್ನುತ್ತಾರೆ, ಡಾಕ್ಟರು ಬ್ರೂಸೆಲ್ಲೋಸಿಸ್ ಎನ್ನುತ್ತಾರೆ. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದಲ್ಲ, ಅದಕ್ಕೆ ಈ ರೋಗವೂ ಒಂದು ಕಾರಣ. ಅಂಥ ಹಸು, ಎಮ್ಮೆ, ಮೇಕೆಯ ಹಸಿ ಹಾಲಿನಿಂದ ಮತ್ತು ಕರು ಹಾಕಿದಾಗ ಬೀಳುವ ಸತ್ತೆ ಮುಟ್ಟುವುದರಿಂದ ಮನುಷ್ಯರಿಗೆ ಬರುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಈ ಕ್ರಿಮಿಯನ್ನು ಕಂಡುಹಿಡಿದರು. ಅದು ಮೇಕೆ ಹಾಲಿನಿಂದ ಬರುತ್ತಿದೆ ಎಂದು ಗೊತ್ತಾಗಲು 1905ರವರೆಗೆ ಕಾಯಬೇಕಾಯಿತು. ಹಾಲಿನ ಮೇಲೆ ಅನುಮಾನ ಬರುವುದು ಆಗಲೂ ಕಷ್ಟವಾಗಿತ್ತು, ಈಗಲೂ ಕಷ್ಟ!

'ಮಕ್ಕಳಿಗೂ ಬರುತ್ತದೆಯೇ?' ಎಂದು ಕೇಳುತ್ತೀರಿ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ, ಹಾಸನದಲ್ಲಲ್ಲ, ಉತ್ತರದ ವಿಜಯಪುರದಲ್ಲಿ. ಅಲ್ಲಿನ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು ಐದು ಸಾವಿರಕ್ಕೂ ಹೆಚ್ಚು ಮಕ್ಕಳ ರಕ್ತ ಪರೀಕ್ಷಿಸಿ, 93 ಮಕ್ಕಳಲ್ಲಿ ಈ ರೋಗ ಇರುವುದನ್ನು ಕಂಡು 2004ರಲ್ಲಿ ಪ್ರಕಟಿಸಿದರು. ಕುರಿ-ಮೇಕೆ ಸಾಕುವ ಮನೆಗಳ ಮಕ್ಕಳೇ ಅವರಲ್ಲಿ ಹೆಚ್ಚು. ಬಿಡದ ಜ್ವರ, ಕೀಲು ನೋವು ಇದರ ಮುಖ್ಯ ಲಕ್ಷಣ. ಹಾಗಾಗಿ ಕೀಲುವಾತ ಎಂದುಕೊಳ್ಳುವುದು ತೀರಾ ಸುಲಭ. ಪತ್ತೆಯಾದರೆ ಎರಡು ಔಷಧ ಸೇರಿಸಿ ಸುಮಾರು ಆರು ವಾರ ಕೊಡುತ್ತಾರೆ, ವಾಸಿಯಾಗುತ್ತದೆ. ಆದರೆ ಡಾಕ್ಟರಿಗೆ ಅನುಮಾನ ಬರಬೇಕಲ್ಲ! ಅನುಮಾನ ಬಂದು ಕೇಳಿದರಷ್ಟೇ ಲ್ಯಾಬಿನವರು ಈ ಪರೀಕ್ಷೆ ಮಾಡುವುದು.

ಹಾಲಿನ ಜಿಲ್ಲೆ ನಮ್ಮದು. ಮೊಮ್ಮಕ್ಕಳು ಬಂದರೆ ಕರೆದ ಬಿಸಿಯಲ್ಲೇ ನೊರೆಹಾಲು ಕುಡಿಸುವ ಅಜ್ಜಂದಿರು ಇಂದಿಗೂ ಇದ್ದಾರೆ. ಪ್ರೀತಿ ದೊಡ್ಡದು, ಆದರೆ ಹಾಲು ಒಂದು ಉಕ್ಕು ಬಂದ ಮೇಲೆ ಕುಡಿಸಿದರೆ ಪ್ರೀತಿಯೇನೂ ಕಡಿಮೆಯಾಗುವುದಿಲ್ಲ.

ಮೂರನೆಯವನು ಹಳೆಯ ಪರಿಚಯಸ್ಥ, ಕ್ಷಯ. ಮಕ್ಕಳಲ್ಲಿ ಕೆಮ್ಮೇ ಇಲ್ಲದೆಯೂ ಕ್ಷಯ ಇರಬಹುದು. ಬರೀ ಜ್ವರ, ತೂಕ ಇಳಿಯುವುದು, ಕತ್ತಿನ ಗಂಟು, ಕೆಲವೊಮ್ಮೆ ಕಾಲಿನ ಮುಂಭಾಗದಲ್ಲಿ ನೋಯುವ ಕೆಂಪು ಗಂಟು, ಕೀಲು ಊತ. ಇದೂ ಉರಿಯೂತದ ವೇಷವೇ. ಎರಡು ವಾರ ಮೀರಿದ ಜ್ವರವಿರುವ ಮಗುವಿಗೆ ಕ್ಷಯದ ಪರೀಕ್ಷೆ ಆಗಬೇಕು ಎನ್ನುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚಿಕಿತ್ಸೆ ನಡೆಯುವಷ್ಟು ದಿನ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ.

ಇನ್ನು ಟೈಫಾಯಿಡ್ ಎಲ್ಲರಿಗೂ ಗೊತ್ತು. ಆದರೆ 'ವಿಡಾಲ್' ಎಂಬ ಒಂದು ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಟೈಫಾಯಿಡ್ಡೇ ಎಂದು ಕಣ್ಣುಮುಚ್ಚಿ ನಂಬಬೇಡಿ. ಹಿಂದೆ ಬಂದುಹೋದ ಸೋಂಕಿನಿಂದಲೂ ಹಾಗೆ ಬರುತ್ತದೆ, ಬೇರೆ ಜ್ವರದಲ್ಲೂ ಬರುತ್ತದೆ. ರಕ್ತದಲ್ಲಿ ಕ್ರಿಮಿ ಬೆಳೆಸಿ ನೋಡುವ 'ಬ್ಲಡ್ ಕಲ್ಚರ್' ಹೆಚ್ಚು ನಂಬಿಕೆಯದು, ಅದೂ ಆಂಟಿಬಯೋಟಿಕ್ ಶುರುವಾಗುವ ಮೊದಲೇ ತೆಗೆದರೆ. ಮೆಡಿಕಲ್ ಶಾಪಿನಿಂದ ನಾವೇ ತಂದು ಎರಡು ದಿನ ಕುಡಿಸಿ ಆಮೇಲೆ ಹೋದರೆ ಆ ದಾರಿಯೂ ಅರ್ಧ ಮುಚ್ಚಿದ ಹಾಗೆ.

ಎರಡು ಕಡೆಯೂ ಪ್ರಪಾತ

'ಯಾವ ಹೆಸರಾದರೇನು, ಜ್ವರ ಬಿಟ್ಟರೆ ಸಾಕು' ಎನ್ನಬೇಡಿ. ಉರಿಯೂತದ ಕಾಯಿಲೆಗೆ ಕೊಡುವ ಮುಖ್ಯ ಔಷಧಗಳಲ್ಲಿ ಸ್ಟೀರಾಯ್ಡ್ ಒಂದು. ಅದು ಮೈಯ ಹೋರಾಟವನ್ನೇ ತಣ್ಣಗಾಗಿಸುತ್ತದೆ. ಒಳಗೆ ಕ್ಷಯವೋ ಬೇರೆ ಕ್ರಿಮಿಯೋ ಕುಳಿತಿದ್ದಾಗ ಕೊಟ್ಟರೆ ಏನಾಗುತ್ತದೆ? ಜ್ವರ ಇಳಿಯುತ್ತದೆ, ಮಗು ಊಟ ಕೇಳುತ್ತದೆ, ನಾವು ದೇವರಿಗೆ ದೀಪ ಹಚ್ಚುತ್ತೇವೆ. ಒಳಗೆ ಸೋಂಕು ಯಾರ ತಡೆಯೂ ಇಲ್ಲದೆ ಹರಡುತ್ತಿರುತ್ತದೆ. ಇನ್ನೂ ಒಂದಿದೆ. ಬಿಡದ ಜ್ವರ, ಮೂಳೆ ನೋವು ರಕ್ತದ ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು. ಪರೀಕ್ಷೆಗೆ ಮೊದಲೇ ಸ್ಟೀರಾಯ್ಡ್ ಹೊಟ್ಟೆಗೆ ಹೋದರೆ ಅದನ್ನು ಪತ್ತೆ ಹಚ್ಚುವುದೂ ಕಷ್ಟವಾಗುತ್ತದೆ.

ಹಾಗೆಂದು ಸ್ಟೀರಾಯ್ಡ್ ಅಂದರೆ ವಿಷ ಎಂದು ಹೆದರಿ ಕೂರುವುದೂ ತಪ್ಪು. ನಿಜವಾದ ಮಿಸ್-ಸಿ, ನಿಜವಾದ ಕೀಲುವಾತದಲ್ಲಿ ಅದೇ ಜೀವ ಉಳಿಸುತ್ತದೆ. ಕವಾಸಾಕಿಯಲ್ಲಂತೂ ಕಾಲವೇ ಮುಖ್ಯ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ರಕ್ತನಾಳ ಉಬ್ಬಿಕೊಳ್ಳುತ್ತದೆ. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧ ರಕ್ತನಾಳಕ್ಕೆ ಕೊಟ್ಟರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. 'ಇನ್ನೊಂದು ವಾರ ನೋಡೋಣ' ಎನ್ನುವ ಹಾಗೂ ಇಲ್ಲ, 'ಏನಾದರೂ ಸ್ಟ್ರಾಂಗಾಗಿ ಕೊಟ್ಟುಬಿಡಿ ಸಾರ್' ಎನ್ನುವ ಹಾಗೂ ಇಲ್ಲ.

ಈ 'ಸ್ಟ್ರಾಂಗಾಗಿ ಕೊಡಿ' ಎನ್ನುವ ಮಾತನ್ನು ನಾವು ಬಿಡಲೇಬೇಕು. ನಾಳೆ ಸ್ಕೂಲ್ ಟೆಸ್ಟ್ ಇದೆ, ನಾಡಿದ್ದು ನಾದಿನಿಯ ಸೀಮಂತ ಇದೆ ಎಂದು ನಾವು ಒತ್ತಾಯ ಮಾಡಿದರೆ, ಕೊಡದಿದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಾರೆ ಎಂದು ಅವರೂ ಕೊಟ್ಟುಬಿಡುವ ಸಂದರ್ಭ ಬರುತ್ತದೆ. ಆಮೇಲೆ ತಪ್ಪು ಯಾರದು?

ಹೇಳಲಾಗದ ಮಾತು

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಡಾಕ್ಟರ ಕೋಣೆಯಲ್ಲಿ ಸೊಸೆಯ ಪಕ್ಕ ಅತ್ತೆ ಕುಳಿತಿದ್ದಾರೆ ಎಂದುಕೊಳ್ಳಿ. 'ಹಸಿ ಹಾಲು ಏನಾದ್ರೂ ಕುಡಿದಿದ್ದಾನಾ?' ಎಂದು ಡಾಕ್ಟರು ಕೇಳುತ್ತಾರೆ. ಮಾವನವರು ದಿನಾ ನೊರೆಹಾಲು ಕುಡಿಸಿದ್ದು ಸೊಸೆಗೆ ಗೊತ್ತು. ಕೊಟ್ಟಿಗೆಯ ಹಸು ಹೋದ ತಿಂಗಳು ಕಂದು ಹಾಕಿದ್ದೂ ಗೊತ್ತು. ಆದರೆ ಹೇಳಿದರೆ? 'ನಮ್ಮನೆ ಹಾಲು ಕುಡಿದು ಮಗೀಗೆ ಕಾಯಿಲೆ ಬಂತು ಅಂತ ಹೇಳಿದ್ಯಲ್ಲೇ' ಎಂಬ ಮಾತು ವರ್ಷಗಟ್ಟಲೆ ಮನೆಯಲ್ಲಿ ತಿರುಗುತ್ತದೆ. ಸೊಸೆ ತಲೆ ಅಲ್ಲಾಡಿಸುತ್ತಾಳೆ. 'ಇಲ್ಲ ಸಾರ್.'

ಹಾಗೇ ಕ್ಷಯ. ಮನೆಯಲ್ಲಿ ಯಾರಿಗೋ ತಿಂಗಳಿಂದ ಕೆಮ್ಮು, ಅಥವಾ ಚಿಕ್ಕಪ್ಪ ಗುಟ್ಟಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. 'ಅದನ್ನೆಲ್ಲಾ ಡಾಕ್ಟ್ರ ಹತ್ರ ಹೇಳ್ತಾರೇನೇ, ನಾಳೆ ಹುಡುಗಿ ಮದುವೆ ಆಗ್ಬೇಕು' ಎಂದು ಬಾಯಿ ಮುಚ್ಚಿಸುತ್ತಾರೆ. ತವರಿನ ವಿಷಯವಾದರೆ ನಾವೇ ಮುಚ್ಚಿಕೊಳ್ಳುತ್ತೇವೆ. ಅಮ್ಮನ ಮನೆಗೆ ಕೆಟ್ಟ ಹೆಸರು ಬರಬಾರದಲ್ಲ! ಇನ್ನು ನಾವೇ ಮೊದಲು ಕೊಟ್ಟ ಮಾತ್ರೆ, ಇನ್ನೊಬ್ಬ ಡಾಕ್ಟರಿಗೆ ತೋರಿಸಿದ್ದು, ನಾಟಿ ಔಷಧಿ ಹಾಕಿಸಿದ್ದು... ಬೈಯುತ್ತಾರೆ ಎಂದು ಅದನ್ನೂ ನುಂಗುತ್ತೇವೆ.

ನನ್ನ ಅಭಿಪ್ರಾಯ ಒಂದೇ. ಮನೆಯ ಮಾನ ದೊಡ್ಡದು, ಒಪ್ಪುತ್ತೇನೆ. ಆದರೆ ಅದನ್ನು ಕಾಯುವ ಕೆಲಸ ಜ್ವರದಲ್ಲಿ ಬೇಯುವ ಮಗುವಿನದ್ದಲ್ಲ. ಆ ಒಂದು ಮಾತಿನಿಂದ ಡಾಕ್ಟರು ಬರೆಯುವ ಪರೀಕ್ಷೆಯೇ ಬದಲಾಗುತ್ತದೆ. ಎದುರಿಗೆ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಫೈಲಿನೊಳಗೆ ಇಟ್ಟು ಕೊಡಿ. 'ಸಾರ್, ಒಂದೆರಡು ನಿಮಿಷ ಒಬ್ಬಳೇ ಮಾತಾಡಬಹುದಾ' ಎಂದು ಕೇಳಿ. ಆಮೇಲೆ ಮನೆಯಲ್ಲಿ ಮುನಿಸು ಬಂದರೆ ಬರಲಿ, ಹಬ್ಬದ ಹೊತ್ತಿಗೆ ಸರಿಹೋಗುತ್ತದೆ.

ಅತ್ತೆಯಂದಿರಿಗೂ ಒಂದು ಮಾತು. ನಿಮ್ಮ ಹಾಲು, ನಿಮ್ಮ ತೋಟ, ನಿಮ್ಮ ಪ್ರೀತಿಯ ಮೇಲೆ ಯಾರೂ ತಪ್ಪು ಹೊರಿಸುತ್ತಿಲ್ಲ. ಕಂದು ರೋಗಕ್ಕೆ ಲಸಿಕೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಅದನ್ನು ಹಾಕುವ ವ್ಯವಸ್ಥೆಯಾಯಿತು. ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹಸು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಸೊಸೆ ಡಾಕ್ಟರ ಮುಂದೆ ಬಾಯಿ ಬಿಡುವ ಮೊದಲೇ ನೀವೇ 'ಹೌದು ಸ್ವಾಮಿ, ಹಸಿ ಹಾಲು ಕುಡಿದಿದ್ದಾನೆ' ಎಂದುಬಿಟ್ಟರೆ ಆ ಮನೆಯಲ್ಲಿ ನಿಮ್ಮಷ್ಟು ದೊಡ್ಡವರು ಯಾರು?

ಆಸ್ಪತ್ರೆಗೆ ಹೋಗುವಾಗ

* ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಜ್ವರ ಯಾವ ದಿನ ಶುರುವಾಯಿತು, ದಿನಕ್ಕೆ ಎಷ್ಟು ಸಲ ಬರುತ್ತದೆ, ಎಷ್ಟು ಡಿಗ್ರಿ ಎಂದು ಹೊತ್ತಿನ ಸಮೇತ ಬರೆಯಿರಿ. ಅಂಗೈ ಇಟ್ಟು ನೋಡಿದ್ದಲ್ಲ, ಥರ್ಮಾಮೀಟರಿನದ್ದು.
* ಕೆಂಪು ಕಣ್ಣು, ದದ್ದು ಬಂದು ಮಾಯವಾಗಿದ್ದರೆ ಬಂದ ದಿನ ಬರೆದಿಡಿ. ದದ್ದಿನ ಫೋಟೋ ಮೊಬೈಲಿನಲ್ಲಿ ಇರಲಿ. ಡಾಕ್ಟರ ಮುಂದೆ ಹೋದಾಗ ಅದು ಇರುವುದೇ ಇಲ್ಲ!
* ಮೈ ಒರೆಸುವಾಗ ತಲೆಯಿಂದ ಕಾಲಿನವರೆಗೆ, ಸಂದುಗೊಂದಿನಲ್ಲೂ ಕಪ್ಪು ಹಕ್ಕಳೆ ಹುಡುಕಿ. ಕಂಡರೆ ಕೀಳಬೇಡಿ, ತೋರಿಸಿ.
* ಕಳೆದ ಒಂದೆರಡು ತಿಂಗಳಲ್ಲಿ ಹೋದ ಊರು, ಗದ್ದೆ-ತೋಟದ ಆಟ, ಹಸಿ ಹಾಲು, ದನ-ಮೇಕೆಯ ಒಡನಾಟ, ಮನೆಯಲ್ಲಿ ಕೆಮ್ಮುವವರು, ಹಿಂದೆ ಬಂದ ಕೋವಿಡ್, ಎಲ್ಲ ಹೇಳಿ.
* ಕೊಟ್ಟ ಪ್ರತಿಯೊಂದು ಔಷಧದ ಚೀಟಿ, ಸ್ಟ್ರಿಪ್, ಬಾಟಲಿ ಜೊತೆಗಿರಲಿ. ಡಾಕ್ಟರನ್ನು ಬದಲಾಯಿಸಿದರೂ ಫೈಲ್ ಬದಲಾಗದಿರಲಿ.
* ಸ್ಟೀರಾಯ್ಡ್ ಶುರು ಮಾಡುತ್ತೇವೆ ಎಂದರೆ ವಿನಯದಿಂದ ಕೇಳಿ: 'ಕ್ಷಯ, ಸ್ಕ್ರಬ್ ಟೈಫಸ್, ಬ್ರೂಸೆಲ್ಲಾ ಇಲ್ಲ ಅಂತ ಖಾತ್ರಿ ಆಗಿದೆಯಾ ಸಾರ್?' ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಅವರು ಶುರು ಮಾಡಿದ್ದನ್ನು ನೀವಾಗಿಯೇ ನಿಲ್ಲಿಸಲೂಬೇಡಿ.
* ಐದು ದಿನಕ್ಕೂ ಜ್ವರ ಬಿಡದಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಮೈಸೂರಿನ ಚೆಲುವಾಂಬ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ.
* ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಯಾವ ವಯಸ್ಸಿನ ಮಗುವಾದರೂ ಮಂಕಾಗಿ ಮಲಗಿದ್ದರೆ, ಏದುಸಿರು ಬಿಟ್ಟರೆ, ಫಿಟ್ಸ್ ಬಂದರೆ, ಮೂತ್ರ ನಿಂತರೆ, ವಾಂತಿ ನಿಲ್ಲದಿದ್ದರೆ, ರಕ್ತ ಕಂಡರೆ ಆ ಕ್ಷಣವೇ ಹೊರಡಿ.

ರಜೆಗೆ ಮಕ್ಕಳನ್ನು ಊರಿಗೆ ಕಳಿಸುವುದು ನಿಲ್ಲಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಕೆರೆ ಏರಿ, ತೆಂಗಿನ ತೋಟ, ಅಜ್ಜಿಯ ಕೈತುತ್ತು ಇಲ್ಲದ ಬಾಲ್ಯವೂ ಒಂದು ಬಾಲ್ಯವೇ? ಹಾಲು ಕಾಯಿಸಿ ಕೊಡಲಿ, ಪೊದೆಯಲ್ಲಿ ಆಡಿ ಬಂದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆ ಬದಲಿಸಲಿ, ಅಷ್ಟು ಸಾಕು. ಅಷ್ಟಾಗಿಯೂ ಜ್ವರ ಬಂದು ವಾರವಾದರೂ ಬಿಡದಿದ್ದರೆ, ಡಾಕ್ಟರ ಮುಂದಿನ ಕುರ್ಚಿಯಲ್ಲಿ ಕುಳಿತಾಗ ಒಂದೇ ಒಂದು ನೆನಪಿರಲಿ. ಆ ಕೋಣೆಯಲ್ಲಿ ರೋಗದ ಬಗ್ಗೆ ಹೆಚ್ಚು ಗೊತ್ತಿರುವವರು ಅವರು, ಮಗುವಿನ ಬಗ್ಗೆ ಹೆಚ್ಚು ಗೊತ್ತಿರುವವರು ನೀವು. ಇಬ್ಬರೂ ಬಾಯಿ ಬಿಟ್ಟು ಮಾತಾಡಿದರೆ ವೇಷ ಕಳಚುವುದು ಕಷ್ಟವೇನಲ್ಲ. ಏನಂತೀರಿ?